ಗಾರ್ಬಾನಿಯವರ ಒಲೆ, ಕೂಕೋನ ಕೈ

ಗಾರ್ಬಾನಿಯವರ ಹೋಟೆಲಿನಲ್ಲಿ ಮೆನುವಿನ ಬೆನ್ನಿಗೆ ಒಂದು ಕತೆ ಅಚ್ಚಾಗಿತ್ತು. ಒಲೆಯಿಂದ ಬಾಡು ಮೇಜಿಗೆ ಬರುವ ತನಕ ಗಿರಾಕಿಗಳು ಕ್ಯಾರೆಟ್ಟು, ಮೂಲಂಗಿ, ಆಲಿವ್ ಕಾಯಿ ಮೆಲ್ಲುತ್ತ ಅದನ್ನು ಓದುತ್ತಿದ್ದರು. ಓದಿ ಮುಗಿಸಿ, ಕಿಟಕಿಯಾಚೆ ಹಿತ್ತಿಲಲ್ಲಿ ಉರಿಯುವ ಒಲೆಯ ಕಡೆ ಒಮ್ಮೆ ಗೌರವದಿಂದ ನೋಡುತ್ತಿದ್ದರು. ಕತೆ ದೊಡ್ಡದೇನಲ್ಲ, ನಾಲ್ಕೇ ಸಾಲು:

‘ಸ್ವಿಸ್ ಬೆಟ್ಟಗಳಿಂದ ಬಂದ ಹೈನುಗಾರನ ಮಗ ಸೆವೆರೀನೊ ಗಾರ್ಬಾನಿ ೧೯೫೨ರಲ್ಲಿ ಈ ಹಳೆಯ ಬೆಣ್ಣೆ ಕಾರ್ಖಾನೆಯ ಹಿತ್ತಿಲಲ್ಲಿ ಮೊದಲ ಬೆಂಕಿ ಹಾಕಿದರು. ಕೆಂಪು ಓಕ್ ಮರದ ಕೆಂಡದ ಮೇಲೆ ಮಾಂಸ ಸುಡುವ ತಮ್ಮದೇ ವಿಧಾನವನ್ನು ಕಂಡುಹಿಡಿದರು. ಆ ಬೆಂಕಿ ಇನ್ನೂ ಆರಿಲ್ಲ. ಆ ಕೈ ಇಂದಿಗೂ ಗಾರ್ಬಾನಿಯವರದೇ.’

ಹೋಟೆಲಿಗೆ ಅರವತ್ತು ತುಂಬುವ ವರ್ಷ ಹೊಸ ಮೆನು ಮಾಡಿಸಲು ಹೊರಟವನು ಸೆವೆರೀನೊನ ಮಗ ಪ್ಲೀನಿಯೊ. ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ, ಸಾಂತಾ ಮರೀಯಾ ಕಣಿವೆಯ ಮಂಜು ಸ್ಟ್ರಾಬೆರಿ ಹೊಲಗಳ ಮೇಲಿಂದ ಇನ್ನೂ ಎದ್ದಿರಲಿಲ್ಲ, ಅವನು ಅಚ್ಚಿನ ಮನೆಯಿಂದ ಬಂದ ಕರಡು ಹಿಡಿದುಕೊಂಡು ಹಿತ್ತಿಲಿಗೆ ಬಂದ. ತಂಗಿ ಇಲ್ಡಾ ಒಲೆಗೆ ಸೌದೆ ಜೋಡಿಸುತ್ತಿದ್ದಳು. ಅವನಿಗೆ ಎಪ್ಪತ್ತೆರಡು, ಅವಳಿಗೆ ಅರವತ್ತೆಂಟು. ಅವನು ಮುಂಬಾಗಿಲಿನ ಮನುಷ್ಯ: ಬಂದವರ ಕೈ ಕುಲುಕಿ, ಮೇಜಿನಿಂದ ಮೇಜಿಗೆ ಹೋಗಿ ಹಳೆಯ ಕತೆ ಹೇಳಿ ನಗಿಸುವವನು. ಅವಳು ಹಿತ್ತಿಲಿನವಳು. ಮೂವತ್ತೆಂಟು ವರ್ಷಗಳಿಂದ ಆ ಒಲೆಯ ಮುಂದೆ ನಿಂತು ಅವಳ ಎಡಗೆನ್ನೆ ಬಲಗೆನ್ನೆಗಿಂತ ಒಂದು ಸುತ್ತು ಕಪ್ಪಾಗಿತ್ತು.

“ಒಂದ್ಸಲ ಕಣ್ಣಾಡ್ಸು. ತಪ್ಪಿದ್ರೆ ಈಗ್ಲೇ ಹೇಳ್ಬಿಡು. ಅಚ್ಚಾದ್ಮೇಲೆ ಗೊಣಗಬೇಡ” ಎಂದ.

ಇಲ್ಡಾ ಕೈ ಒರೆಸಿಕೊಂಡು ಕನ್ನಡಕ ಏರಿಸಿದಳು. ಆ ಕತೆಯನ್ನು ಅವಳು ಎಂದೂ ಪೂರ್ತಿ ಓದಿರಲಿಲ್ಲ. ಮನೆಯ ಗೋಡೆಯ ಮೇಲಿನ ಕ್ಯಾಲೆಂಡರನ್ನು ಯಾರಾದರೂ ಓದುತ್ತಾರೆಯೇ? ಅವತ್ತು ಓದಿದಳು. ‘ತಮ್ಮದೇ ವಿಧಾನ’ ಎಂಬಲ್ಲಿಗೆ ಬಂದು ನಿಂತಳು.

“ತಪ್ಪಿದೆ.”

“ಎಲ್ಲಿ? ಕಾಗುಣಿತನಾ?”

“ಕಾಗುಣಿತ ಸರಿಯಾಗಿದೆ. ಮಿಕ್ಕಿದ್ದೆಲ್ಲ ತಪ್ಪು. ಇದ್ರಲ್ಲಿ ಕೂಕೋ ಎಲ್ಲಿ ಅಣ್ಣಾ?”

ಪ್ಲೀನಿಯೊ ಆಚೀಚೆ ನೋಡಿದ, ಸೌದೆ ರಾಶಿಯ ಹಿಂದೆ ಯಾರಾದರೂ ಕೇಳಿಸಿಕೊಳ್ಳುತ್ತಿದ್ದಾರೋ ಎಂಬಂತೆ. “ಅಲ್ವೇ, ಕೂಕೋ ಸತ್ತು ಇಪ್ಪತ್ತೊಂದು ವರ್ಷ ಆಯ್ತು.”

“ಅಪ್ಪ ಸತ್ತು ಇಪ್ಪತ್ನಾಲ್ಕು ವರ್ಷ ಆಯ್ತು. ಅಪ್ಪ ಇದಾರಲ್ಲ ಇದ್ರಲ್ಲಿ?”

“ಹೋಟ್ಲು ಅಪ್ಪಂದು ಕಣೇ!”

“ಹೋಟ್ಲು ಅಪ್ಪಂದೇ. ಯಾರು ಇಲ್ಲ ಅಂದ್ರು? ಕೈ ಯಾರ್ದು?”

ಪ್ಲೀನಿಯೊ ಕರಡನ್ನು ಮಡಿಸಿ ಜೇಬಿಗಿಟ್ಟುಕೊಂಡು, “ನಿಂಗೆ ಬೆಳಿಗ್ಗೆ ಬೆಳಿಗ್ಗೆ ಹೊಗೆ ತಲೆಗೇರಿದೆ” ಎಂದು ಒಳಗೆ ಹೋದ.

ಆ ದಿನವೆಲ್ಲ ಇಲ್ಡಾಳ ಮನಸ್ಸು ಹಿಂದಕ್ಕೇ ಹರಿಯಿತು.

ಮೊದಲ ಬೆಂಕಿಯ ದಿನ ಅವಳಿಗೆ ಎಂಟು ವರ್ಷ. ಎಲ್ ರೋಬ್ಲೆ ಊರಿನ ಬೆಣ್ಣೆ ಕಾರ್ಖಾನೆ ಮುಚ್ಚಿ, ಹಾಲಿನವರೆಲ್ಲ ಹಸು ಮಾರಿ ಎಣ್ಣೆ ಬಾವಿಗಳ ಕೆಲಸಕ್ಕೆ ಹೋಗುತ್ತಿದ್ದ ಕಾಲ. ಅದೇ ಕಾರ್ಖಾನೆಯಲ್ಲಿ ಹದಿನಾರು ವರ್ಷ ಬೆಣ್ಣೆ ಕಡೆದಿದ್ದ ಅವಳಪ್ಪ ಸೆವೆರೀನೊ, ಕಟ್ಟಡ ಅಗ್ಗಕ್ಕೆ ಸಿಕ್ಕಿತೆಂದು ಕೊಂಡುಬಿಟ್ಟ. ಮುಂದೆ ಬಾರು, ಹಿಂದೆ ಊಟ ಎಂದು ಲೆಕ್ಕ ಹಾಕಿದ. ಮನುಷ್ಯ ಬಂಗಾರದಂಥವನು. ಊರಿನಲ್ಲಿ ಯಾರ ಮನೆಯ ಮದುವೆಯಾದರೂ ಹೆಣ್ಣಿನ ಅಪ್ಪನಿಗಿಂತ ಮೊದಲು ಇವನ ಕಣ್ಣಲ್ಲಿ ನೀರು. ಆದರೆ ಬೆಣ್ಣೆಯವನಿಗೆ ಬೆಂಕಿ ಗೊತ್ತಿಲ್ಲ. ಒಂದು ಶನಿವಾರ ಮಧ್ಯಾಹ್ನ ಹಿತ್ತಿಲಲ್ಲಿ ಇಟ್ಟಿಗೆ ಜೋಡಿಸಿ, ರಸ್ತೆ ಬದಿಯ ನೀಲಗಿರಿ ಮರ ಕಡಿದು ತಂದ ಸೌದೆಗೆ ಸೀಮೆಎಣ್ಣೆ ಸುರಿದು ಹಚ್ಚಿದ. ಬಂದಿದ್ದ ಇಪ್ಪತ್ತು ಜನ ಕಣ್ಣು ಮೂಗು ಮುಚ್ಚಿಕೊಂಡು ಓಡಿದರು.

ಓಡದೆ ಉಳಿದವನು ಒಬ್ಬನೇ. ಬೇಲಿಗೆ ಒರಗಿ, ಟೋಪಿ ಹಣೆಯ ಮೇಲಕ್ಕೆ ತಳ್ಳಿಕೊಂಡು, ಒಂದು ಕಾಲಿನ ಮೇಲೆ ಭಾರ ಹಾಕಿ ನಿಂತಿದ್ದ. ಹೆಸರು ರೆಫೂಹಿಯೊ ಅರೆಯಾನೆಸ್. ಊರಿಗೆಲ್ಲ ಕೂಕೋ. ಅವನ ಹಿರೀಕರು ಈ ಕಣಿವೆಗೆ ಬೇಲಿ ಬರುವ ಮುಂಚಿನವರು, ಸ್ಪೇನಿನವರ ಕಾಲದ ದನಗಾಹಿಗಳು. ಅವನೂ ಕುದುರೆಯ ಮೇಲೆ ದನ ಕಾಯ್ದವನೇ. ಅದರ ಹಿಂದಿನ ವರ್ಷ ಕುದುರೆ ಕೆಡವಿ ಸೊಂಟ ಮುರಿದಿತ್ತು.

“ಧಣೀ” ಎಂದು ಅವನು ಗಂಭೀರವಾಗಿ ಕೇಳಿದ. “ಈ ದನಕ್ಕೆ ನೆಗಡಿ ಆಗಿತ್ತಾ?”

“ಯಾಕಪ್ಪ?”

“ಅಲ್ಲ, ನೀಲಗಿರಿ ಹೊಗೆ ಕೊಡ್ತಿದೀರಲ್ಲ, ಅದಕ್ಕೇ ಕೇಳ್ದೆ.”

ಸೆವೆರೀನೊ ಅಳುವುದೋ ನಗುವುದೋ ತಿಳಿಯದೆ ನಿಂತ. ಪುಟ್ಟ ಇಲ್ಡಾ ಮೊದಲು ನಕ್ಕಳು. ಮರುದಿನ ಕೂಕೋ ತನ್ನ ದಾಯಾದಿಯ ಲಾರಿಯಲ್ಲಿ ಬೆಟ್ಟದ ಕೆಂಪು ಓಕ್ ಸೌದೆ ತಂದು ಇಳಿಸಿದ. ಇಟ್ಟಿಗೆಯನ್ನೆಲ್ಲ ಕಿತ್ತು ಹೊಸದಾಗಿ ಕಟ್ಟಿದ. ಚಕ್ರ ತಿರುಗಿಸಿದರೆ ಸರಪಳಿಯ ಮೇಲೆ ಏರಿ ಇಳಿಯುವ ಕಬ್ಬಿಣದ ಜಾಲರಿಯನ್ನು ಊರ ಕಮ್ಮಾರನಿಂದ ಮಾಡಿಸಿದ. ಬಾಡಿನ ಮೇಲೆ ಉಪ್ಪು, ಕರಿಮೆಣಸು, ಬೆಳ್ಳುಳ್ಳಿ, ಇಷ್ಟೇ. “ಇನ್ನೇನಾದ್ರೂ ಹಚ್ಚೋರು ಬಾಡಿನ ಮೇಲೆ ನಂಬ್ಕೆ ಇಲ್ದೋರು” ಅನ್ನುತ್ತಿದ್ದ. ಜೊತೆಗೆ ಕಣಿವೆಯ ಸಣ್ಣ ಪಿಂಕೀಟೊ ಕಾಳು ಬೇಯಿಸಿದ್ದು, ಟೊಮೇಟೊ ಸಾಲ್ಸಾ, ಬೆಣ್ಣೆಯಲ್ಲಿ ಅದ್ದಿ ಅದೇ ಕೆಂಡದ ಮೇಲೆ ಸುಟ್ಟ ರೊಟ್ಟಿ. ಬೆಣ್ಣೆ ಮಾತ್ರ ಸೆವೆರೀನೊನ ಪಾಲು, ಅದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಎರಡು ತಿಂಗಳಲ್ಲಿ ಶನಿವಾರ ಮಧ್ಯಾಹ್ನ ಕುರ್ಚಿ ಸಿಗುವುದು ಕಷ್ಟವಾಯಿತು. ಎಣ್ಣೆ ಬಾವಿಯವರು, ದನದವರು, ಪಾದ್ರಿ, ಪೊಲೀಸರು, ಎಲ್ಲರೂ ಒಂದೇ ಹೊಗೆಯಲ್ಲಿ ಮಿಂದು ಮನೆಗೆ ಹೋಗುತ್ತಿದ್ದರು. ಊರಲ್ಲಿ ಯಾರ ಕೋಟು ಮೂಸಿದರೂ ಗಾರ್ಬಾನಿಯವರ ಹಿತ್ತಿಲ ವಾಸನೆ.

ಕೂಕೋ ಎಂಟು ದಿನ ಇದ್ದು ಹೋಗುತ್ತೇನೆ ಎಂದು ಬಂದವನು ಮೂವತ್ತಮೂರು ವರ್ಷ ಇದ್ದ.

ಅವಳಿಗೆ ಮರೆಯಲಾಗದ ದಿನ ಇನ್ನೊಂದು. ೧೯೬೩ರ ವಸಂತ. ಇಲ್ಡಾ ಹತ್ತೊಂಬತ್ತರ ಹುಡುಗಿ, ಮೇಜುಗಳಿಗೆ ಬಡಿಸುತ್ತಿದ್ದಳು. ದೊಡ್ಡ ಪಟ್ಟಣದ ಪತ್ರಿಕೆಯವನೊಬ್ಬ ಕ್ಯಾಮೆರಾ ಹೊತ್ತು ಬಂದ. ಕಣಿವೆಯ ಬಾಡಿನ ಮೇಲೆ ಒಂದು ಪುಟ ಬರೆಯುತ್ತೇನೆ, ಒಲೆಯ ಮುಂದೆ ಯಜಮಾನರ ಫೋಟೊ ಬೇಕು ಎಂದ. ಸೆವೆರೀನೊ ಕೂದಲಿಗೆ ನೀರು ಹಚ್ಚಿಕೊಂಡು ಹಿತ್ತಿಲಿಗೆ ಬಂದ. ಕೂಕೋ ಕೆಂಡದ ಮುಂದೆ ಸರಳು ಹಿಡಿದು ನಿಂತಿದ್ದ.

“ಕೂಕೋ, ಒಂದ್ನಿಮಿಷ ಆ ಕಡೆ ನಿಂತ್ಕೋತೀಯಾ?” ಎಂದ ಸೆವೆರೀನೊ. ಮತ್ತೆ ತನ್ನ ಬಿಳಿ ಅಂಗಿ ನೋಡಿಕೊಂಡು, “ಆ ಏಪ್ರನ್ನೂ...” ಎಂದ.

ಕೂಕೋನ ಎರಡೂ ಕೈಗೆ ಕೊಬ್ಬು ಮೆತ್ತಿತ್ತು. ಅವನು ಇಲ್ಡಾಳ ಕಡೆ ಬೆನ್ನು ತಿರುಗಿಸಿದ. ಅವಳೇ ಗಂಟು ಬಿಚ್ಚಿದಳು. ಅವಳೇ ಅದನ್ನು ಅಪ್ಪನ ಸೊಂಟಕ್ಕೆ ಕಟ್ಟಿದಳು. ಏಪ್ರನ್ ಇಲ್ಲದ ಕೂಕೋ, ಸವೆದ ನೀಲಿ ಅಂಗಿಯಲ್ಲಿ, ಸೌದೆ ರಾಶಿಯ ಪಕ್ಕ ಹೋಗಿ ನಿಂತು ಸಿಗರೇಟು ಹಚ್ಚಿದ. ನಗುತ್ತಲೇ ಇದ್ದ. ಆ ಪುಟ ಬಂತು. ಫೋಟೊಗೆ ಕಟ್ಟು ಹಾಕಿಸಿ ಬಾರಿನ ಮೇಲೆ ತೂಗುಹಾಕಿದರು. ಆ ಪುಟದಲ್ಲಿದ್ದ ಮಾತೇ ಮುಂದೆ ಮೆನುವಿನ ಬೆನ್ನಿಗೂ ಬಂತು.

ಅವಳನ್ನು ಒಲೆಗೆ ತಂದವನೂ ಅದೇ ಕೂಕೋ. ೧೯೭೪ರಲ್ಲಿ ಅವನ ಭುಜ ಸೋತು, ಚಕ್ರ ತಿರುಗಿಸಲು ಆಗದಾಯಿತು. ಸೆವೆರೀನೊ ಬೇರೆ ಊರಿಂದ ಗಂಡಾಳು ಕರೆಸುವ ಮಾತಾಡಿದ. ಕೂಕೋ, “ಮನೇಲೇ ಇದೆಯಲ್ಲ ಆಳು” ಎಂದ.

“ಯಾರು?”

“ಇಲ್ಡಾ.”

“ಹೆಣ್ಮಕ್ಳು ಕಾಳು ಬೇಯಿಸ್ತಾರೆ ಕೂಕೋ. ಬೆಂಕಿ ಮುಂದೆ ನಿಲ್ಲಲ್ಲ.”

“ಹಂಗಾದ್ರೆ ನಾಳೆ ನೀವೇ ನಿಲ್ಲಿ ಧಣಿ. ನೀಲಗಿರಿ ಸೌದೆ ಎಷ್ಟು ಬೇಕು ಹೇಳಿ, ತರಿಸ್ತೀನಿ.”

ಅಷ್ಟಕ್ಕೆ ಮಾತು ಮುಗಿಯಿತು. ಅವತ್ತಿನಿಂದ ಇಲ್ಡಾ ಒಲೆಯ ಮುಂದೆ. ಕೂಕೋ ಕುರ್ಚಿಯಲ್ಲಿ ಕೂತು ಕಣ್ಣಲ್ಲೇ ಕಲಿಸಿದ. ಕೆಂಡದ ಮೇಲೆ ಅಂಗೈ ಚಾಚಿ ಮರಿಯಮ್ಮನ ಪ್ರಾರ್ಥನೆ ಹೇಳಬೇಕು, ಸ್ಪ್ಯಾನಿಷಿನಲ್ಲಿ. ಎಲ್ಲಿಗೆ ಬಂದಾಗ ಕೈ ಹಿಂದಕ್ಕೆಳೆಯಬೇಕಾಗುತ್ತದೋ ಅದೇ ಕಾವಿನ ಅಳತೆ. ಮೊದಲ ಸಾಲಿಗೇ ಎಳೆದರೆ ಜಾಲರಿ ಮೇಲಕ್ಕೇರಿಸು. ನಡುವೆ ಬರುವ ‘ಫಲ’ ಎಂಬ ಮಾತಿನ ತನಕ ತಡೆದರೆ ಕಾವು ಸರಿ, ಬಾಡನ್ನು ಕೆಂಡದ ಮೇಲಕ್ಕೆ ಇಳಿಸು. ‘ಆಮೆನ್’ ತನಕ ತಡೆದರೆ ಬೆಂಕಿ ಸತ್ತಿದೆ, ಸೌದೆ ಹಾಕು. ಇಲ್ಡಾ ತನ್ನ ಪ್ರಾರ್ಥನೆಯನ್ನು ಅಮ್ಮನಿಂದ, ತಮ್ಮ ಸ್ವಿಸ್ ಬೆಟ್ಟದವರ ಮಾತಾದ ಇಟಾಲಿಯನ್ನಿನಲ್ಲಿ ಕಲಿತವಳು. ಸ್ಪ್ಯಾನಿಷ್ ಪ್ರಾರ್ಥನೆ ಅವಳಿಗೆ ಬಂದದ್ದು ಕೂಕೋನ ಬಾಯಿಂದ, ಅಡುಗೆಯ ಪಾಠವಾಗಿ.

ಇಷ್ಟೆಲ್ಲ ನೆನೆದ ಮೇಲೆ ಸುಮ್ಮನೆ ಕೂರಲಾಗಲಿಲ್ಲ. ಸೋಮವಾರ ಹೋಟೆಲಿಗೆ ರಜೆ. ಇಲ್ಡಾ ತನ್ನ ಪಿಕಪ್ ಗಾಡಿ ಹತ್ತಿ ಹೊಳೆಯಾಚೆ ಹೊರಟಳು, ಕೂಕೋನ ಮಗಳು ರಮೋನಾಳ ಮನೆಗೆ.

ರಮೋನಾ ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು. ಇಲ್ಡಾಳಿಗಿಂತ ಮೂರು ವರ್ಷ ದೊಡ್ಡವಳು, ಬಾಯಿ ಅದಕ್ಕಿಂತ ದೊಡ್ಡದು. ಅಂಗಳದಲ್ಲಿ ಮೆಣಸಿನ ಗಿಡಗಳಿಗೆ ನೀರು ಹಾಕುತ್ತಿದ್ದವಳು ತಲೆಯೆತ್ತಿದಳು.

“ಓಹೋ! ಗಾರ್ಬಾನಿಯವರ ಮನೆ ರಾಣಿ! ಯಾರು ಸತ್ರು?”

“ಯಾರೂ ಸತ್ತಿಲ್ಲ. ನಿನ್ ನೋಡ್ಬೇಕು ಅನ್ನಿಸ್ತು.”

“ಇಪ್ಪತ್ತೊಂದು ವರ್ಷಕ್ಕೆ ಒಂದ್ಸಲ ಅನ್ನಿಸ್ತು. ಬಾ, ಕೂತ್ಕೋ. ಕಾಫಿ ಇದೆ, ಬೆಳಿಗ್ಗೇದು.”

ಇಲ್ಡಾ ಮೆನುವಿನ ವಿಷಯ ಹೇಳಿದಳು. ಕೂಕೋನ ಹೆಸರು ಹಾಕಬೇಕೆಂದಿದ್ದೇನೆ, ಒಂದು ಫೋಟೊ ಕೊಡು ಎಂದಳು. ಏಪ್ರನ್ನಿನ ಮಾತನ್ನೂ ಹೇಳಿಬಿಟ್ಟಳು. ನಲವತ್ತೊಂಬತ್ತು ವರ್ಷ ಬಾಯಿ ಬಿಡದ ಮಾತು.

ರಮೋನಾ ಗೊಳ್ಳೆಂದು ನಕ್ಕಳು. “ಅಯ್ಯೋ ಪೆದ್ದೀ! ಆ ಫೋಟೊ ಕತೆ ಅಪ್ಪ ಪ್ರತೀ ಕ್ರಿಸ್‌ಮಸ್‌ಗೂ ಹೇಳಿ ನಗಿಸ್ತಿದ್ದ. ನೀನು ಆ ಫೋಟೊ ಸರಿಯಾಗಿ ನೋಡಿದೀಯಾ? ನಿಮ್ಮಪ್ಪ ಕ್ಯಾಮೆರಾ ಕಡೆ ಹಲ್ಲು ಬಿಡ್ತಾ ನಿಂತಿದಾರೆ, ಹಿಂದೆ ಬಾಡು ಹತ್ಕೊಂಡು ಉರೀತಿದೆ. ಇಡೀ ತುಂಡು ಕರಕಲು! ಪತ್ರಿಕೆಯವನಿಗೆ ಬಡ್ಸಿದ್ದು ಅಪ್ಪ ಪಕ್ಕದಲ್ಲಿ ಬಚ್ಚಿಟ್ಟಿದ್ದ ಬೇರೆ ತುಂಡು.”

ಇಲ್ಡಾಳಿಗೂ ನಗು ಬಂತು. ಆದರೆ ರಮೋನಾ ಅಷ್ಟರಲ್ಲಿ ನಗು ನಿಲ್ಲಿಸಿದ್ದಳು.

“ಹೆಸರು ಹಾಕ್ತೀಯಾ? ಹಾಕು. ಆದ್ರೆ ಅಪ್ಪಂಗೆ ಕಲಿಸಿದ್ದು ಅವನಮ್ಮ, ಅಸೆನ್ಸಿಯೋನ್ ಅಜ್ಜಿ. ದನಕ್ಕೆ ಗುರುತಿನ ಬರೆ ಹಾಕೋ ದಿನ ನೂರು ಜನಕ್ಕೆ ಹೊಂಡ ತೋಡಿ ಬಾಡು ಸುಡೋಳು. ಅವಳ ಹೆಸರು ಯಾರು ಹಾಕ್ತಾರೆ? ಅವಳಿಗೆ ಕಲಿಸ್ದೋರ್ದು? ಎಲ್ಲಿಗೆ ನಿಲ್ಲಿಸ್ತೀಯಾ ನೀನು?”

“ಗೊತ್ತಿಲ್ಲ” ಎಂದಳು ಇಲ್ಡಾ.

“ನಂಗೆ ಹೊಟ್ಟೆ ಉರಿದಿದ್ದು ಹೆಸರಿಗಲ್ಲ. ನಾವು ಆರು ಮಕ್ಳು. ಅಪ್ಪಂಗೆ ಬುತ್ತಿ ತಗೊಂಡು ದಿನಾ ನಿಮ್ ಹಿತ್ಲ ಗೇಟಿಗೆ ಬರ್ತಿದ್ವಿ. ಮೂವತ್ಮೂರು ವರ್ಷದಲ್ಲಿ ಒಂದಿನ, ಒಂದೇ ಒಂದಿನ, ಮುಂದಿನ ಕೋಣೇಲಿ ಕೂತಿಲ್ಲ. ಬರಬೇಡಿ ಅಂತ ಯಾರೂ ಅನ್ಲಿಲ್ಲ. ಬನ್ನಿ ಅಂತಲೂ ಯಾರೂ ಅನ್ಲಿಲ್ಲ.”

ಇಲ್ಡಾ ಕಾಫಿ ಲೋಟ ಕೆಳಗಿಟ್ಟಳು. “ನಾನೂ ಅನ್ಲಿಲ್ಲ” ಎಂದಳು.

“ಹೂಂ. ನೀನೂ ಅನ್ಲಿಲ್ಲ.” ರಮೋನಾ ಬಸ್ಸಿನ ಗದ್ದಲದ ಮಕ್ಕಳಿಗೆ ಹೇಳುವಂತೆ ಹೇಳಿದಳು: “ಫೋಟೊ ಗೀಟೊ ಆಮೇಲೆ. ಜೂನ್ ಇಪ್ಪತ್ನಾಲ್ಕು, ಸಂತ ಯೋಹಾನನ ಹಬ್ಬ. ನಮ್ಮೋರೆಲ್ಲ ಹೊಳೆ ದಂಡೇಲಿ ಸೇರ್ತೀವಿ, ಇನ್ನೂರು ಜನ. ನೀನು ಬಂದು ಬಾಡು ಮಾಡು. ಅಪ್ಪನ ಕೈ ನಿನ್ ಹತ್ರ ಇದೆಯೋ ಇಲ್ವೋ ನಾವು ನೋಡ್ತೀವಿ. ಅದು ನೀವು ಬರ್ಕೊಳ್ಳೋದಲ್ಲ, ನಾವು ಹೇಳ್ಬೇಕಾದ್ದು.”

ಮನೆಗೆ ಬಂದು ಹೇಳಿದಾಗ ಪ್ಲೀನಿಯೊ ಕೈ ಕೊಡವಿದ. “ಈ ವಯಸ್ಸಲ್ಲಿ ಪರೀಕ್ಷೆಗೆ ಕೂರ್ತೀಯಾ? ಫೇಲಾದ್ರೆ ಊರಿಗೆಲ್ಲ ಗೊತ್ತಾಗುತ್ತೆ.”

“ಆಗ್ಲಿ.”

“ನಾನು ಬರಲ್ಲ.”

“ಅವರು ಪಿಂಕೀಟೊ ಕಾಳು ಹಳೇ ಕಾಲದ ಹಾಗೆ ಹಂದಿ ಕೊಬ್ಬಲ್ಲಿ ಬೇಯಿಸ್ತಾರಂತೆ.”

ಪ್ಲೀನಿಯೊ ಯೋಚಿಸಿದ. “ಕಾಳು ತಿನ್ನೋಕೆ ಮಾತ್ರ ಬರ್ತೀನಿ. ನಿಂಗೋಸ್ಕರ ಅಲ್ಲ.”

ಹಬ್ಬದ ದಿನ ಹೊಳೆಯ ದಂಡೆಯಲ್ಲಿ ವಿಲೋ ಮರಗಳ ಕೆಳಗೆ ಮೇಜು ಹಾಕಿದ್ದರು. ಅರೆಯಾನೆಸ್ ಬಳಗವೆಲ್ಲ ನೆರೆದಿತ್ತು. ಗಿಟಾರಿನವರು, ಎಳೆ ಮಗುವನ್ನು ಎತ್ತಿಕೊಂಡವರು, ಕೋಲೂರಿಕೊಂಡು ಬಂದ ಮುದುಕರು. ಇಲ್ಡಾ ತನ್ನ ಸೌದೆ ತಾನೇ ತಂದಿದ್ದಳು. ಬೆಳಿಗ್ಗೆ ಒಂಬತ್ತಕ್ಕೆ ಬೆಂಕಿ ಹಾಕಿ, ಹನ್ನೊಂದಕ್ಕೆ ಕೆಂಡ ಹರಡಿದಳು. ದನದ ಸೊಂಟದ ದೊಡ್ಡ ತುಂಡುಗಳನ್ನು ಸರಳಿಗೆ ಪೋಣಿಸಿದಳು. ಸುತ್ತ ನಾಲ್ಕಾರು ಮುದುಕರು ಕುರ್ಚಿ ಎಳೆದುಕೊಂಡು, ಕೋಳಿ ಅಂಕದ ಮುಂದೆ ಕೂತವರಂತೆ ಕೂತರು.

“ಕೆಂಡ ಜಾಸ್ತಿ ಆಯ್ತು” ಎಂದ ಒಬ್ಬ.

“ಸುಮ್ನಿರೋ, ಕಡಿಮೆ ಆಗಿದೆ” ಎಂದ ಇನ್ನೊಬ್ಬ.

“ಸ್ವಿಸ್ಸಿನವರು ಚೀಸ್ ಮಾಡ್ಲಿ, ನಾವು ತಿನ್ನೋಣ” ಎಂದ ಮೂರನೆಯವನು. ಎಲ್ಲ ನಕ್ಕರು. ಇಲ್ಡಾಳ ಬೆನ್ನು ಬೆವೆತಿತ್ತು.

ಅವಳು ಮುಂದೆ ಬಾಗಿ ಕೆಂಡದ ಮೇಲೆ ಅಂಗೈ ಚಾಚಿದಳು. ಕಣ್ಣು ಮುಚ್ಚಿತು, ತುಟಿ ತಾನಾಗಿ ಅಲ್ಲಾಡಿತು. ಹೊಳೆಯ ಗಾಳಿಗೆ ಕಿವಿ ಮಂದವಾದ ಆ ಮುದುಕರಿಗೆ ಕೇಳಲೆಂದೋ, ಭಯಕ್ಕೋ, ಎಂದಿಗಿಂತ ಸ್ವಲ್ಪ ಜೋರಾಗಿಯೇ ಹೇಳಿದಳು. ಕೃಪಾಪೂರ್ಣಳಾದ ಮರಿಯಳೇ ಎಂದು ಸ್ಪ್ಯಾನಿಷಿನಲ್ಲಿ ಶುರುಮಾಡಿ ‘ನಿನ್ನ ತೋಟದ ಫಲ’ ಎಂಬಲ್ಲಿಗೆ ಬಂದು ಕೈ ಎಳೆದುಕೊಂಡಳು.

ಗಿಟಾರಿನವನೊಬ್ಬ ನುಡಿಸುತ್ತಲೇ ಇದ್ದ. ಇಲ್ಡಾ ಕಣ್ಣು ತೆರೆದಾಗ ಮುದುಕರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ರಮೋನಾ ರೊಟ್ಟಿ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಅಲ್ಲೇ ನಿಂತಿದ್ದಳು.

“ಏನಂದೆ?” ಎಂದಳು.

“ಪ್ರಾರ್ಥನೆ. ಯಾಕೆ, ತಪ್ಪಾಯ್ತಾ?”

“ಏನಂದೆ, ಇನ್ನೊಂದ್ಸಲ ಹೇಳು. ಯಾವುದರ ಫಲ?”

“ತೋಟದ ಫಲ.”

“ತೋಟ ಅಲ್ವೇ ಅದು. ಗರ್ಭ. ನಿನ್ನ ಗರ್ಭದ ಫಲ.” ರಮೋನಾ ಇನ್ನೂ ಹತ್ತಿರ ಬಂದಳು. “ಅಪ್ಪ ಹುಡುಗನಾಗಿದ್ದಾಗ ತಪ್ಪು ಕಲಿತಿದ್ದ. ಸಾಯೋವರ್ಗೂ ತೋಟ ಅಂತಲೇ ಅಂತಿದ್ದ. ಪಾದ್ರಿ ಬೈದ್ರೂ ಬಿಡ್ಲಿಲ್ಲ, ಮರಿಯಮ್ಮಂಗೆ ತೋಟ ಇದ್ರೆ ನಿಮಗೇನು ಕಷ್ಟ ಅಂತಿದ್ದ. ನಮ್ಮಲ್ಲಿ ಯಾರೂ ಹಾಗೆ ಹೇಳಲ್ಲ. ಇಪ್ಪತ್ತೊಂದು ವರ್ಷ ಆಯ್ತು ನಾನು ಅದನ್ನ ಕೇಳಿ.”

ಅವಳು ರೊಟ್ಟಿ ಬುಟ್ಟಿ ಕೆಳಗಿಟ್ಟು, ಏಪ್ರನ್ನಿನ ಅಂಚಿನಿಂದ ಮೂಗು ಒರೆಸಿಕೊಂಡು, “ನಿಂತ್ಕೊಂಡು ಏನ್ ನೋಡ್ತೀಯಾ? ಬಾಡು ಕೆಂಡಕ್ಕೆ ಇಳಿಸು, ಕಾವು ಹೋಗುತ್ತೆ!” ಎಂದು ಗದರಿದಳು.

ಎರಡು ಗಂಟೆಗೆ ಬಾಡು ಕೊಯ್ದು ಹಂಚಿದರು. ಹೊರಗೆ ಕಂದು ಪದರ, ಒಳಗೆ ಗುಲಾಬಿ ಬಣ್ಣ, ಚಾಕು ಇಳಿದಲ್ಲೆಲ್ಲ ರಸ. ಕೆಂಡ ಜಾಸ್ತಿ ಎಂದಿದ್ದ ಮುದುಕ ಮೂರು ಸಲ ಹಾಕಿಸಿಕೊಂಡ. ಚೀಸಿನ ಮಾತಾಡಿದ್ದವನು ತಟ್ಟೆ ಖಾಲಿ ಮಾಡಿ, ಟೋಪಿ ತೆಗೆದು, “ಉಪ್ಪು ಒಂದು ಚಿಟಿಕೆ ಕಮ್ಮಿ. ಕೂಕೋನೂ ಹಂಗೇ ಕಮ್ಮಿ ಹಾಕ್ತಿದ್ದ, ಜಿಪುಣ” ಎಂದ. ಅಂಥ ಹೊಗಳಿಕೆ ಇಲ್ಡಾಳಿಗೆ ಜೀವಮಾನದಲ್ಲಿ ಸಿಕ್ಕಿರಲಿಲ್ಲ.

ಪ್ಲೀನಿಯೊ ಕಾಳಿನ ತಟ್ಟೆ ಹಿಡಿದು ಒಂದು ಮೂಲೆಯಲ್ಲಿ ಕೂತಿದ್ದ. ಎಲ್ಲಿ ಹೋದರೂ ಮೇಜಿನಿಂದ ಮೇಜಿಗೆ ಹಾರುವವನು ಅವತ್ತು ಕೂತಲ್ಲಿಂದ ಏಳಲಿಲ್ಲ. ಸುತ್ತ ಕೂತವರು ಒಬ್ಬರಾದ ಮೇಲೊಬ್ಬರು ಕೂಕೋನ ಮಾತು ಆಡುತ್ತಿದ್ದರು. ಅವನು ಕೇಳಿಸಿಕೊಳ್ಳುತ್ತಿದ್ದ.

ವಾಪಸು ಬರುವಾಗ ಗಾಡಿಯನ್ನು ಇಲ್ಡಾಳೇ ಓಡಿಸಿದಳು. ಬ್ರೊಕೊಲಿ ಹೊಲಗಳು ದಾಟಿದವು. ಸಮುದ್ರದ ಕಡೆಯಿಂದ ಸಂಜೆಯ ಗಾಳಿ ಏಳತೊಡಗಿತ್ತು.

“ಒಂದ್ ವಿಷ್ಯ ನಿಂಗೆ ಹೇಳಿಲ್ಲ” ಎಂದ ಪ್ಲೀನಿಯೊ.

“ಹೇಳು.”

“ಅಪ್ಪಂಗೆ ಮರೆವು ಬಂತಲ್ಲ, ಕೊನೇ ವರ್ಷ. ನಾನು ಮಧ್ಯಾಹ್ನ ಅವರನ್ನ ಹಿತ್ಲ ಬಿಸಿಲಲ್ಲಿ ಕೂರಿಸ್ತಿದ್ದೆ. ನೀನು ಒಳಗೆ ಬಾಡು ಕೊಯ್ತಾ ಇರ್ತಿದ್ದೆ. ಕೂಕೋ ಕೆಲ್ಸ ಬಿಟ್ಟು ಎರಡು ವರ್ಷ ಆಗಿತ್ತು, ಆದ್ರೂ ಬರ್ತಿದ್ದ. ಬಾಡು ಸಣ್ಣಗೆ ಹೆಚ್ಚಿ ಅಪ್ಪಂಗೆ ತಿನ್ಸೋನು. ಅಪ್ಪಂಗೆ ನನ್ ಹೆಸರು ಮರೆತಿತ್ತು. ಅವನ ಹೆಸರು ಮರೆತಿರ್ಲಿಲ್ಲ.”

ಇಲ್ಡಾ ರಸ್ತೆ ನೋಡುತ್ತ ಗಾಡಿಯ ವೇಗ ತಗ್ಗಿಸಿದಳು.

“ಒಂದಿನ ಅಪ್ಪ ಕುತ್ತಿಗೆಗೆ ಕಟ್ಟಿದ್ ಬಟ್ಟೆ ಕಿತ್ತು ಕೂಕೋಗೆ ಕೊಡ್ತಾ, ಇದು ನಿಂದು, ತಗೋ, ಇದು ನಿಂದು, ಅಂತ ಒಂದೇ ಸಮ ಅನ್ನೋಕೆ ಶುರು ಮಾಡಿದ್ರು. ನಂಗೆ ಅರ್ಥ ಆಗ್ಲಿಲ್ಲ. ಕೂಕೋಗೆ ಆಯ್ತು. ಬಟ್ಟೆ ಮಡಚಿ ಜೇಬಲ್ಲಿ ಇಟ್ಕೊಂಡು, ‘ತಗೊಂಡೆ ಧಣಿ, ಸರಿಹೋಯ್ತು, ಈಗ ಊಟ ಮಾಡಿ’ ಅಂದ. ಅಪ್ಪ ಸುಮ್ನಾದ್ರು. ಆಮೇಲೆ ಬಾರಿಗೆ ಹೋದಾಗ ಆ ಫೋಟೊ ನೋಡಿ ನಂಗೆ ಹೊಳೀತು, ಅಪ್ಪ ಕೊಡ್ತಿದ್ದಿದ್ದು ಕೂಕೋನ ಏಪ್ರನ್ನು.” ಪ್ಲೀನಿಯೊ ಕಿಟಕಿಯ ಕಡೆ ಮುಖ ತಿರುಗಿಸಿದ. “ಹೊಳೆದ್ಮೇಲೂ ಇಪ್ಪತ್ತೈದು ವರ್ಷ ಅದೇ ಕತೆ ಹೇಳ್ಕೊಂಡ್ ಬಂದೆ. ಜನ ಚಪ್ಪಾಳೆ ಹೊಡೀತಿದ್ರು ನೋಡು.”

“ನಾನೂ ಸುಮ್ನೆ ಇದ್ನಲ್ಲ ಅಣ್ಣ.”

“ನಿಂಗೆ ಬಾಡು ನೋಡ್ಕೋಬೇಕಿತ್ತು. ನಂಗೇನ್ ಕೆಲ್ಸ ಇತ್ತು?”

ಮರುದಿನ ಅವನೇ ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡು ಹಿತ್ತಿಲಿಗೆ ಬಂದ. ಅಣ್ಣ ತಂಗಿ ಸೌದೆ ರಾಶಿಯ ಮೇಲೆ ಕೂತು ಬರೆದರು, ಹೊಡೆದು ಹಾಕಿದರು, ಮತ್ತೆ ಬರೆದರು. ಪ್ಲೀನಿಯೊ ಬಣ್ಣದ ಮಾತು ಸೇರಿಸುತ್ತಿದ್ದ, ಇಲ್ಡಾ ಕಿತ್ತು ಹಾಕುತ್ತಿದ್ದಳು. ಕೊನೆಗೆ ಉಳಿದದ್ದು ಇಷ್ಟು:

‘ಈ ಹೋಟೆಲನ್ನು ೧೯೫೨ರಲ್ಲಿ ಸೆವೆರೀನೊ ಗಾರ್ಬಾನಿ ತೆರೆದರು. ಬೆಣ್ಣೆ ಅವರದು. ಈ ಒಲೆಯನ್ನು ಕಟ್ಟಿ ಮೂವತ್ತಮೂರು ವರ್ಷ ನೋಡಿಕೊಂಡವರು ರೆಫೂಹಿಯೊ ಅರೆಯಾನೆಸ್. ಅವರಿಗೆ ಕಲಿಸಿದವರು ಅವರ ತಾಯಿ ಅಸೆನ್ಸಿಯೋನ್. ಅವರಿಗಿಂತ ಹಿಂದಿನವರ ಹೆಸರು ನಮಗೆ ಗೊತ್ತಿಲ್ಲ. ರೆಫೂಹಿಯೊ ಇಲ್ಡಾಗೆ ಕಲಿಸಿದರು.’

ಬಾರಿನ ಮೇಲಿನ ಫೋಟೊ ತೆಗೆಯೋಣವೇ ಎಂದು ಇಲ್ಡಾ ಫೋನಿನಲ್ಲಿ ರಮೋನಾಳನ್ನು ಕೇಳಿದಳು. “ತೆಗೆದೀಯ ಮತ್ತೆ! ಆ ಕರಕಲು ಬಾಡು ನೋಡೋಕೆ ನಮ್ ಮೊಮ್ಮಕ್ಳೆಲ್ಲ ಬರಬೇಕು” ಎಂದಳು ರಮೋನಾ. ತನ್ನಲ್ಲಿದ್ದ ಕೂಕೋನ ಫೋಟೊ ಕೊಡುವುದಿಲ್ಲ, ಬೇಕಾದರೆ ಪ್ರತಿ ಮಾಡಿಸಿಕೊಳ್ಳಿ ಎಂದಳು. ಆಮೇಲೆ ಹಾಗೇ ಮಾಡಿಸಿದರು. ಕುದುರೆ ಕೆಡವುವ ಮುಂಚಿನ ಫೋಟೊ. ಇನ್ನೂ ಕುಂಟದ ಕೂಕೋ, ಜೀನಿನ ಮೇಲೆ.

“ಫೋಟೊ ಪ್ಲೀನಿಯೊ ಬಂದು ತಗೊಂಡ್ ಬರ್ತಾನೆ” ಎಂದಿದ್ದಳು ಇಲ್ಡಾ ಅದೇ ಫೋನಿನಲ್ಲಿ. “ನೀನು ಗುರುವಾರ ಊಟಕ್ಕೆ ಬಾ. ಮುಂಬಾಗಿಲಿಂದ. ನಾನು ಕರೀತಿದೀನಿ.”

“ಬರಬೇಕಾ?”

“ಬಾ ಅಂತ ಕರೀತಿದೀನಿ ರಮೋನಾ.”

ರಮೋನಾ ಗುರುವಾರ ಬಂದಳು, ಚರ್ಚಿಗೆ ಹಾಕುವ ನೀಲಿ ಬಟ್ಟೆಯಲ್ಲಿ, ತುಟಿಗೆ ಬಣ್ಣ ಹಚ್ಚಿಕೊಂಡು. ಪ್ಲೀನಿಯೊ ಬಾಗಿಲಲ್ಲೇ ಕೈ ಹಿಡಿದು ಕರೆದೊಯ್ದು ಕಿಟಕಿಯ ಪಕ್ಕದ ಮೇಜಿನಲ್ಲಿ ಕೂರಿಸಿದ. ಅವಳು ಮೆನುವನ್ನು ತೆರೆಯದೆ ತಿರುಗಿಸಿ ಹಿಂಬದಿ ಓದಿದಳು. ಅಜ್ಜಿಯ ಹೆಸರಿನ ಮೇಲೆ ಒಮ್ಮೆ ಬೆರಳಿಟ್ಟಳು. ಬಾಡು ಬಂತು, ತಿಂದಳು. ರೊಟ್ಟಿ ಚೆನ್ನಾಗಿದೆ ಎಂದಳು. ಕಾಳು ಬಾಯಿಗಿಟ್ಟು ಮುಖ ಸಿಂಡರಿಸಿದಳು.

“ಇದನ್ನ ಯಾರು ಬೇಯಿಸ್ದೋರು?”

“ನಾನೇ” ಎಂದಳು ಇಲ್ಡಾ, ಒಲೆ ಬಿಟ್ಟು ಬಂದು ಎದುರು ಕೂತಿದ್ದವಳು.

“ಉಪ್ಪು ಸುರಿದಿದೀಯಾ. ಅಪ್ಪ ನಿಂಗೆ ಬಾಡು ಕಲಿಸ್ದ, ಕಾಳು ಕಲಿಸಿಲ್ಲ. ಅದು ಅಮ್ಮನ ವಿದ್ಯೆ. ಮುಂದಿನ ಗುರುವಾರ ಬೆಳಿಗ್ಗೇನೇ ಬರ್ತೀನಿ, ನೆನೆಸಿಡು.”

ಮುಂದಿನ ಗುರುವಾರ ಬೆಳಿಗ್ಗೆಯೇ ಬಂದಳು. ಅದರ ಮುಂದಿನ ಗುರುವಾರವೂ. ಈಗ ಅಡುಗೆಮನೆಯಲ್ಲಿ ಗುರುವಾರದ ಕಾಳು ರಮೋನಾಳದು, ಅವಳು ಇಳಿಸು ಎನ್ನುವ ತನಕ ಆ ಪಾತ್ರೆಯ ಮುಚ್ಚಳ ಯಾರೂ ಮುಟ್ಟುವಂತಿಲ್ಲ.